ಆಷಾಢದಲ್ಲಿ ಮನೆ ನೋಡಲು ಬಂದವರು

ಆಷಾಢದ ಎರಡನೇ ಸೋಮವಾರ, ಬೆಳಿಗ್ಗೆ ಆರೂಕಾಲು. ಮನೆಯಲ್ಲಿದ್ದವರು ನಾನು ಮತ್ತು ನನ್ನ ಹೆಂಡತಿ. ನೀರು ಹೊಸ್ತಿಲು ದಾಟಿ ನಡುಮನೆಗೆ ಬಂದಿತ್ತು. ಪಾದ ಮುಳುಗುವಷ್ಟು ಇನ್ನೂ ಇರಲಿಲ್ಲ.

ಈ ಮನೆಯಲ್ಲಿ ಇದು ಆರನೇ ಮಳೆಗಾಲ. ಕೆಲಸದ ಕ್ರಮ ಗೊತ್ತಿತ್ತು. ಮೊದಲು ಮೇನ್ ಸ್ವಿಚ್. ಆಮೇಲೆ ಗ್ಯಾಸ್ ಸಿಲಿಂಡರ್ ಅಡುಗೆ ಕಟ್ಟೆಗೆ, ಅಕ್ಕಿ ಡಬ್ಬಿ ಗೋಡೆಯ ಸಜ್ಜೆಯ ಮೇಲಕ್ಕೆ, ಮಂಚದ ಪ್ರತಿ ಕಾಲಿಗೂ ಒಂದೊಂದು ಇಟ್ಟಿಗೆ. ಮೂವತ್ತೊಂದು ವರ್ಷ ಡ್ರಿಲ್ ಮಾಸ್ತರನಾಗಿದ್ದ ನನಗೆ ಇದು ಇಪ್ಪತ್ತು ನಿಮಿಷದ ಕೆಲಸ. ಆದರೆ ಈ ಸಲ ಹೆಂಡತಿ ಕೈಜೋಡಿಸುವಂತಿರಲಿಲ್ಲ. ಹೋದ ವರ್ಷ ಇದೇ ನೀರಿನಲ್ಲಿ ನಿಂತು ನೀರು ಬಳಿದು ಹಾಕುವಾಗ ಅವಳ ಬಲಗಾಲಿಗೆ ಸಣ್ಣ ಗಾಯವಾಯಿತು. ಸಕ್ಕರೆ ಕಾಯಿಲೆಯ ಕಾಲು. ಹೆಬ್ಬೆರಳು ತೆಗೆಸಬೇಕಾಯಿತು. ಇನ್ನೊಮ್ಮೆ ನೀರು ತುಳಿದರೆ ಪಾದವೇ ಉಳಿಯಲಾರದು ಎಂದು ಡಾಕ್ಟರು ಹೇಳಿದರು. ಮನೆ ಮಾರಿ, ಎತ್ತರದಲ್ಲೆಲ್ಲಾದರೂ ಎರಡು ಕೋಣೆಯ ಮನೆ ಹಿಡಿಯುವುದೆಂದು ಅಂದೇ ತೀರ್ಮಾನಿಸಿದ್ದೆವು.

ನಮ್ಮ ಲೇಔಟ್ ಶಿಕಾರಿಪುರದ ಅಂಚಿನಲ್ಲಿದೆ. ಮೊದಲು ಅದು ಕೆರೆಯ ಕೋಡಿ ನೀರು ಹರಿಯುತ್ತಿದ್ದ ಗದ್ದೆ. ಕೊಳ್ಳುವಾಗ ನನಗೆ ತಿಳಿದಿರಲಿಲ್ಲ. ಯುಗಾದಿ ಕಳೆದ ಮೇಲೆ, ಉರಿಬಿಸಿಲಿನಲ್ಲಿ ನೋಡಲು ಬಂದಿದ್ದೆ. ಮಾರುವವರು ಬಾವಿಯ ಹಲಗೆ ಸರಿಸಿ, ಕೈಚಾಚಿದರೆ ಸಿಗುವಂತಿದ್ದ ನೀರು ತೋರಿಸಿದರು. ಬೇಸಿಗೆಯಲ್ಲೂ ಇಷ್ಟು ನೀರೇ ಎಂದು ಹಿಗ್ಗಿ, ಚೌಕಾಶಿಯನ್ನೂ ಮಾಡದೆ ಒಪ್ಪಿಕೊಂಡೆ.

ನಮ್ಮ ಕಡೆ ಆಷಾಢದಲ್ಲಿ ಯಾರೂ ಮನೆ ನೋಡುವುದಿಲ್ಲ, ಮುಂಗಡ ಕೊಡುವುದಿಲ್ಲ. ನಮ್ಮ ಬೀದಿಗೆ ನೀರು ನುಗ್ಗುವುದು ಆಷಾಢದಲ್ಲೇ. ಹೀಗಾಗಿ ಇಲ್ಲಿ ಮನೆ ಕೊಂಡವರಾರೂ ಅದನ್ನು ಮಳೆಯಲ್ಲಿ ನೋಡಿ ಕೊಂಡವರಲ್ಲ. "ಆಷಾಢ ಅಂತ ಒಂದು ಇರೋದೇ ನಮ್ಮ ಪುಣ್ಯ ಸರ್," ಎಂದು ಬ್ರೋಕರ್ ನಕ್ಕಿದ್ದ. ಸೊರಬದ ಒಬ್ಬ ನರ್ಸ್ ಬೇಸಿಗೆಯಲ್ಲಿ ಬಂದು ಮನೆ ಮೆಚ್ಚಿ ಹೋಗಿದ್ದರು. ಅವರಿಗೆ ಇಲ್ಲಿಗೇ ವರ್ಗವಾಗಿತ್ತು. ಗೌರಿ ಹಬ್ಬದ ಹೊತ್ತಿಗೆ ಮುಂಗಡವೆಂದು ಮಾತಾಗಿತ್ತು. ಅವರಿಗೂ ನಾನು ಬಾವಿಯ ಹಲಗೆ ಸರಿಸಿ ತೋರಿಸಿದ್ದೆ.

ಎಂಟೂವರೆಗೆ ಅವರದೇ ಫೋನ್ ಬಂತು. ಕೆಲಸಕ್ಕೆ ಹಾಜರಾಗಲು ಬಂದವರು ಬಸ್ ಸ್ಟ್ಯಾಂಡಿನಲ್ಲಿದ್ದರು, ಮನೆಗೂ ಬಂದು ಹೋಗುತ್ತೇನೆ ಎಂದರು. ಆಷಾಢವಲ್ಲವೇ ಎಂದೆ.

"ಆಸ್ಪತ್ರೇಲಿ ಇರೋರಿಗೆ ಎಲ್ಲಾ ತಿಂಗಳೂ ಆಷಾಢನೇ ಸಾರ್. ಹಿಂದಿನ ಕೋಣೇಲಿ ಅಮ್ಮನ ಮಂಚ ಹಿಡೀತದಾ ಅಂತ ಅಳತೆ ನೋಡ್ಕಂಡು ಹೋಗ್ತೀನಿ."

ಹೆಂಡತಿ ಮಂಚದ ಮೇಲಿಂದಲೇ ಮೆಲ್ಲಗೆ ಹೇಳಿದಳು: "ಊರಾಗಿಲ್ಲ ಅಂತ ಹೇಳ್ರಿ."

ಅವಳ ಕಾಲು ಸೀರೆಯೊಳಗಿತ್ತು. ಹಿಂದಿನ ಕೋಣೆಯಲ್ಲಿ ಪೊರಕೆ ತೇಲುತ್ತಿತ್ತು. ನಾನು ಎರಡನ್ನೂ ನೋಡಿದೆ.

"ಬನ್ನಿ," ಎಂದೆ. "ಬೀದಿ ತಿರುವಿನಲ್ಲೇ ಚಪ್ಪಲಿ ಕೈಗೆ ತಗೊಳ್ಳಿ."

ಫೋನ್ ಇಟ್ಟ ಮೇಲೆ ಹೆಂಡತಿ ಗೋಡೆಯ ಕಡೆ ತಿರುಗಿ ಕುಳಿತಳು.

ನರ್ಸ್ ಬಂದರು. ಅಳತೆ ಟೇಪು ಕೈಯಲ್ಲಿತ್ತು, ಬಿಚ್ಚಲಿಲ್ಲ. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ನೀರು ನೋಡಿದರು. ಪ್ರತಿ ವರ್ಷವೂ ಹೀಗೆಯೇ ಎಂದು ಕೇಳಿದರು. ಹೌದೆಂದೆ, ಹೆಂಡತಿಯ ಹೆಬ್ಬೆರಳು ಹೋದದ್ದನ್ನೂ ಹೇಳಿದೆ. ಬಳಿಕ ಮಂಚದ ಬಳಿ ಹೋಗಿ ಕಾಲು ತೋರಿಸಲು ಹೇಳಿದರು. ಉಳಿದ ಬೆರಳುಗಳ ಸಂದಿಯಲ್ಲಿ ಚರ್ಮ ಬಿಳಿಚಿ ಸೀಳಿತ್ತು. ಬೆಳಿಗ್ಗೆ ನಾನು ಏಳುವ ಮೊದಲೇ ಹೆಂಡತಿ ಬಚ್ಚಲಿಗೆ ನೀರಿನಲ್ಲೇ ನಡೆದು ಹೋಗಿ ಬಂದಿದ್ದಳೆಂದು ನನಗೆ ಆಗಲೇ ಗೊತ್ತಾದದ್ದು.

"ಇವತ್ತೇ ಆಸ್ಪತ್ರೆಗೆ ಬರಬೇಕು ಅಮ್ಮಾ. ನಾಳೆ ಅನ್ನಬೇಡಿ."

"ನೀವು ಮನಿ ತಗಳ್ರಿ, ನಾನು ಇವತ್ತೇ ಬರ್ತೀನಿ," ಎಂದಳು ಹೆಂಡತಿ.

ನರ್ಸ್ ನಗಲಿಲ್ಲ. "ಆಗಲ್ಲ ಅಮ್ಮಾ. ನಮ್ಮಮ್ಮಂಗೂ ಇದೇ ಕಾಯಿಲೆ."

ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ನಾವಿಬ್ಬರೂ ಆಚೀಚೆ ಹಿಡಿದು ಅವಳನ್ನು ಆಟೋದವರೆಗೆ ಎತ್ತಿಕೊಂಡು ಹೋದೆವು. ಎದುರುಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ಅವರ ಮನೆಯೂ ಮಾರಾಟಕ್ಕಿತ್ತು. ನಾನು ಕೈಯೆತ್ತಿದೆ. ಕಿಟಕಿ ಮುಚ್ಚಿಕೊಂಡಿತು. ಆಟೋದಲ್ಲಿ ಹೆಂಡತಿ ಒಂದೇ ಮಾತು ಆಡಿದಳು: "ಮಾಸ್ತರಿಗೆ ವಿಸಿಲ್ ಊದೋದೊಂದೇ ಗೊತ್ತು."

ಮಧ್ಯಾಹ್ನ ಆಸ್ಪತ್ರೆಯ ಬೆಂಚಿನಲ್ಲಿದ್ದಾಗ ಬ್ರೋಕರ್ ಫೋನ್ ಮಾಡಿದ. ಸುದ್ದಿ ತಲುಪಿತ್ತು. ಇನ್ನು ನಿಮ್ಮ ಬೀದಿಗೆ ಯಾರನ್ನು ಕರೆತರಲಿ ಎಂದು ಕೇಳಿದ. ಡಾಕ್ಟರು ಗಾಯ ತೊಳೆದು ಕಟ್ಟಿ, ದಿನಾ ಬರಬೇಕು, ಪಾದದ ವಿಚಾರ ಶುಕ್ರವಾರ ಹೇಳುತ್ತೇನೆ ಎಂದರು.

ಐದು ಗಂಟೆಗೆ ಮನೆ ಸೇರಿದೆವು. ನೀರು ಕಣಕಾಲಿನವರೆಗೆ ಬಂದಿತ್ತು. ಆಟೋದವನೊಡನೆ ಅವಳನ್ನು ಎತ್ತಿ ತಂದು ಮಂಚದ ಮೇಲೆ ಕೂರಿಸಿ ಬಟ್ಟೆ ಬದಲಿಸಿದೆ, ಮಾತ್ರೆ ಕೊಟ್ಟೆ. ಕಾಂಪೌಂಡಿನ ಒಂದು ಮೂಲೆ ಕುಸಿದಿತ್ತು. ಅಲ್ಲಿಂದ ನಾಲ್ಕು ಇಟ್ಟಿಗೆ ತಂದು ತೊಳೆದೆ. ಅವಳನ್ನು ಇಳಿಸೋಣವೆಂದರೆ ಒಣಗಿದ ಜಾಗ ಎಲ್ಲೂ ಇರಲಿಲ್ಲ. ಅವಳು ಮಂಚದ ಅಂಚನ್ನು ಬಿಗಿಯಾಗಿ ಹಿಡಿದು ಕುಳಿತಂತೆಯೇ ಹಾರೆ ಕೊಟ್ಟು ಒಂದೊಂದು ಮೂಲೆ ಎತ್ತಿ, ಪ್ರತಿ ಕಾಲಿನ ಕೆಳಗೂ ಎರಡನೇ ಇಟ್ಟಿಗೆ ಸೇರಿಸಿದೆ. ನಾಲ್ಕನೇ ಕಾಲು ಮುಗಿದಾಗ ಆರೂವರೆ.