ಟೈಪಿಂಗ್ ಮಾಸ್ತರನಿಗೆ ದ್ಯಾಮವ್ವ ಆರಿಸಿಕೊಟ್ಟ ಸರ್ಟಿಫಿಕೇಟು

ದ್ಯಾಮವ್ವ ದೇವಿಯ ಭಕ್ತರ ಬಳಗಕ್ಕೆಲ್ಲ ಬ್ಯಾಡಗಿಯ ಟೈಪಿಂಗ್ ಮಾಸ್ತರನ ಶರಣು.

೧೯೯೪ರ ಬೇಸಿಗೆಯಲ್ಲಿ ನನ್ನ ಕ್ಲಾಸಿನ ಹತ್ತು ಮಷೀನುಗಳ ಮುಂದೆ ಮೂವರು ವಿದ್ಯಾರ್ಥಿಗಳಷ್ಟೇ ಉಳಿದಿದ್ದರು. ಬಾಕಿಯವರೆಲ್ಲ ಕಂಪ್ಯೂಟರ್ ಕಲಿಯಲು ಹೋದರು. ನಾನೂ ಕಂಪ್ಯೂಟರಿನ ಸರ್ಟಿಫಿಕೇಟು ಪಡೆದು ಕಲಿಸಬೇಕು, ಇಲ್ಲವೇ ಇಪ್ಪತ್ತು ವರ್ಷದ ಕ್ಲಾಸಿಗೆ ಬೀಗ ಹಾಕಬೇಕು. ಆದರೆ ಯಾವ ಸರ್ಟಿಫಿಕೇಟು? ರಾಣೇಬೆನ್ನೂರಿನದು ಮೂರೇ ತಿಂಗಳು. ಪತ್ರ ಟೈಪ್ ಮಾಡಿ ಪ್ರಿಂಟ್ ತೆಗೆದರೆ ಪಾಸು. ಹಾವೇರಿಯದು ಪ್ರೋಗ್ರಾಮ್ ಬರೆಯುವ ಒಂದು ವರ್ಷದ ಕೋರ್ಸು. ಪರೀಕ್ಷಕರು ಹೊರಗಿನವರು, ಅರ್ಧಕ್ಕರ್ಧ ಜನ ನಪಾಸು.

ಮನಸ್ಸಿನಲ್ಲಿ ರಾಣೇಬೆನ್ನೂರು ಎಂದು ಮೊದಲೇ ಠರಾಯಿಸಿ, ಬರೀ ಶಾಸ್ತ್ರಕ್ಕೆಂದು ದ್ಯಾಮವ್ವನ ಗುಡಿಗೆ ಹೂಪ್ರಸಾದ ಕೇಳಲು ಹೋದೆ. “ರಾಣೇಬೆನ್ನೂರಿಗೆ ಹೋಗ್ಲೇನವ್ವಾ? ಹೌದಂದ್ರ ಬಲಕ್ಕ ಕೊಡು” ಎಂದೆ. ಪೂಜಾರಿ ಮೂರ್ತಿಯ ಎರಡೂ ಬದಿ ಹೂ ಹಚ್ಚಿದ. ಎಡಗಡೆಯದು ಥಟ್ಟನೆ ಬಿತ್ತು.

“ಇನ್ನೊಮ್ಮೆ ಹಚ್ಚೋ, ಹೂ ಭಾಳ ತೊಯ್ದಿತ್ತು” ಎಂದೆ.

“ಮಾಸ್ತರ, ಆಕಿ ಹೇಳೂದು ಹೇಳ್ಯಾಳ್ರಿ. ನಿಮಗ ಬೇಕಾದ ಉತ್ರ ಬರೂಮಟ ಕೇಳಾಕ ಇದೇನು ಸಂತೀನ್ರಿ?”

ಸಿಟ್ಟಿನಿಂದ ಎಂಟು ದಿನ ಗುಡಿಯ ಕಡೆ ಮುಖ ಹಾಕಲಿಲ್ಲ. ಹೆಂಡತಿ ಗಿರಿಜಾ ನಕ್ಕಳು: “ದೇವ್ರ ಕೂಡ ಎಂಥಾ ಜಗಳಾರಿ? ಸುಮ್ನ ಹಾವೇರಿ ಬಸ್ ಹತ್ರಿ.”

ಹತ್ತಿದೆ. ನಲವತ್ತಾರರ ನಾನು ಇಪ್ಪತ್ತರ ಹುಡುಗರ ನಡುವೆ ಕೂತೆ. ಪ್ರತಿ ಸಾಲು ಮುಗಿದಾಗ ಎಡಗೈ ತಾನೇ ಎದ್ದು, ಟೈಪ್‌ರೈಟರಿನ ಹಿಡಿಕೆ ದೂಡಿದಂತೆ ಗಾಳಿ ದೂಡುತ್ತಿತ್ತು. ಕ್ಲಾಸೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಪ್ರೋಗ್ರಾಮಿನ ಲೆಕ್ಕಾಚಾರ ಮಾತ್ರ ತಲೆಗೆ ಹತ್ತಲಿಲ್ಲ. ಎರಡು ಟೆಸ್ಟಿನಲ್ಲಿ ಡುಮ್ಕಿ ಹೊಡೆದೆ. ಬಸ್ಸಿನಲ್ಲಿ ಕಣ್ಣು ಮುಚ್ಚಿ, “ನೀನ ಕಳ್ಸೀದಿ, ನೀನ ದಡಾ ಹಚ್ಚು” ಎಂದು ಬೇಡುತ್ತಿದ್ದೆ. ಆಸೆ ಬಿಟ್ಟೇ ಹೋಗಿತ್ತು.

ಪರೀಕ್ಷೆಯ ದಿನ ಒದ್ದಾಡಿ ಒದ್ದಾಡಿ ಕಾಗದದ ಮೇಲೆ ಪ್ರೋಗ್ರಾಮ್ ಬರೆದೆ. ಕಂಪ್ಯೂಟರಿಗೆ ಹಾಕಿದೆ, ಉತ್ತರ ಸರಿ ಬಂತು! ಫ್ಲಾಪಿಗೆ ಇಳಿಸಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಎಲ್ಲರ ಕೆಲಸವೂ ನೀರುಪಾಲು. ಕರೆಂಟು ಬಂದಾಗ ಪರೀಕ್ಷಕರು, “ಇನ್ನು ಹದಿನೈದೇ ನಿಮಿಷ. ಆಗದವರು ಮುಂದಿನ ಪರೀಕ್ಷೆಗೆ ಬರಬೇಕು” ಎಂದರು.

ಹುಡುಗರು ಒಂದೊಂದೇ ಅಕ್ಷರ ಹುಡುಕುತ್ತಿದ್ದರು. ನಾನು ಕಣ್ಣು ಕಾಗದದ ಮೇಲಿಟ್ಟೆ, ಬೆರಳು ಓಡಿದವು. ಒಂದೂ ತಪ್ಪಿಲ್ಲದೆ ಮುಗಿದಾಗ ನಾಲ್ಕು ನಿಮಿಷ ಉಳಿದಿತ್ತು. ಬೆನ್ನ ಹಿಂದೆ ಪರೀಕ್ಷಕರು ನಿಂತಿದ್ದರು.

“ಇಷ್ಟ್ ಲಗೂ ಹೊಡಿಯೂದು ಎಲ್ಲಿ ಕಲ್ತ್ರಿ?”

“ಎಲ್ಲಿ ಕಲ್ತೆ ಅನ್ನೂದ ಮರತೈತ್ರಿ ಸರ. ಇಪ್ಪತ್ ವರ್ಷ ಟೈಪಿಂಗ್ ಕಲಸಾಕತ್ತೇನಿ.”

ಪಾಸಾದೆ! ಯಾರಿಗೂ ಬೇಡವಾಯಿತೆಂದು ನಾನು ಮರುಗುತ್ತಿದ್ದ ವಿದ್ಯೆಯಿಂದಲೇ ತಾಯಿ ನನ್ನನ್ನು ದಾಟಿಸಿದಳು. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ನಾಚಿಕೆ ಬಿಟ್ಟು ಅತ್ತೆ. ಈಗ ಪ್ರೋಗ್ರಾಮ್ ಕಲಿಯಲು ರಾಣೇಬೆನ್ನೂರಿನಿಂದಲೇ ಹುಡುಗರು ನನ್ನಲ್ಲಿಗೆ ಬರುತ್ತಾರೆ.

ತಾಯೀ ದ್ಯಾಮವ್ವಾ, ನಾನು ಬೇಡಿದ್ದನ್ನು ನೀನು ಕೊಡಲಿಲ್ಲ. ಅದಕ್ಕೇ ನಿನಗೆ ಕೋಟಿ ಕೋಟಿ ನಮಸ್ಕಾರ.