ಸಂಡೂರಿನಿಂದ ಬಂದ ಒಂದೇ ವಿಳಾಸ

ಇಡೀ ಆಫೀಸಿನ ಪಾಪವನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಿದ ಮಹಾಪುರುಷ ನಾನು. ಅದೂ ನಾನೇ ಜೋಡಿಸಿದ ಕಂಪ್ಯೂಟರನ್ನು ಸಾಕ್ಷಿಗೆ ಕರೆದು.

ನಮ್ಮದು ಅದಿರು ಸಾಗಿಸುವ ಕಂಪನಿ. ಹೆಡ್ಡಾಫೀಸು ಹೊಸಪೇಟೆಯಲ್ಲಿ, ಲಾರಿಗಳ ಆಫೀಸು ಸಂಡೂರಿನಲ್ಲಿ. ಅಲ್ಲಿ ಯಾರು ಯಾವ ವೆಬ್ ಪುಟ ಕೇಳಿದರೂ ಮೊದಲು ಸಂಡೂರಿನ ಪ್ರಾಕ್ಸಿ, ಅಂದರೆ ಎಲ್ಲರ ಪರವಾಗಿ ಪುಟ ತರಿಸಿಕೊಡುವ ಪ್ರೋಗ್ರಾಮು, ತನ್ನಲ್ಲಿ ಉಳಿಸಿಟ್ಟ ಪ್ರತಿ ಇದೆಯೇ ಎಂದು ಹುಡುಕುತ್ತದೆ. ಇಲ್ಲದಿದ್ದರೆ ಹೊಸಪೇಟೆಯ ಪ್ರಾಕ್ಸಿಯನ್ನು ಕೇಳುತ್ತದೆ. ಯಾರು ಏನು ಕೇಳಿದರೆಂದು ಎರಡೂ ತಂತಮ್ಮ ಲಾಗಿನಲ್ಲಿ ಬರೆದಿಡುತ್ತವೆ. ಈ ಸರಪಳಿ ಕಟ್ಟಿದ ದಿನ ನಾನೇ ಎಲ್ಲರಿಗೂ ಮಂಡಕ್ಕಿ-ಮಿರ್ಚಿ ಹಂಚಿ, ನಾನೇ ನನ್ನನ್ನು ಹೊಗಳಿಕೊಂಡಿದ್ದೆ.

ಒಂದು ದಿನ ಹೊಸಪೇಟೆಯ ಲಾಗು ತೆರೆದರೆ ಸಂಡೂರಿನಿಂದ ಒಂದೇ ವಿಳಾಸ. ಬೆಳಗಿನಿಂದ ಸಂಜೆಯವರೆಗೆ ಇಳಕಲ್ ಸೀರೆ, ಟ್ರ್ಯಾಕ್ಟರ್ ಟೈರು, ಕ್ರಿಕೆಟ್ಟು, ಬೋಳುತಲೆಗೆ ಎಣ್ಣೆ, ಗಂಡು ಮಗುವಿಗೆ ಹೆಸರು. ವಿಳಾಸ, ಲಾರಿಗಳ ಟ್ರಿಪ್ ಶೀಟ್ ಬರೆಯುವ ಅಕ್ಕನ ಕಂಪ್ಯೂಟರಿನದು. ಎಷ್ಟು ಬಗೆಯ ಆಸೆಗಳಪ್ಪಾ ಈ ಹೆಂಗಸಿಗೆ ಎಂದುಕೊಂಡು ಸಾಹೇಬರಿಗೆ ಹೇಳಿಬಿಟ್ಟೆ. ಅಕ್ಕನನ್ನು ಕಾಯಂ ಮಾಡುವ ಆರ್ಡರು ಆಗಷ್ಟೇ ಸಹಿಗೆ ಬಂದಿತ್ತು. ಸಾಹೇಬರು ಪೆನ್ನಿನ ಕ್ಯಾಪು ಮುಚ್ಚಿದರು.

ಕಣ್ಣಾರೆ ಹಿಡಿಯೋಣವೆಂದು ಮರುದಿನ ಸಂಡೂರಿಗೆ ಹೋದೆ. ಕುರ್ಚಿ ಖಾಲಿ. ತಂಗಿಯ ಸೀಮಂತಕ್ಕೆಂದು ಅಕ್ಕ ಕಂಪ್ಲಿಗೆ ಹೋಗಿದ್ದರು. ಕಂಪ್ಯೂಟರು ಮಾತ್ರ ಗುಂಯ್ ಎನ್ನುತ್ತಿತ್ತು. ಪಕ್ಕದ ಟೇಬಲಿನ ಗುಮಾಸ್ತ ತನ್ನ ಕಂಪ್ಯೂಟರಿನಲ್ಲಿ ಆರಾಮವಾಗಿ ಟೈರು ನೋಡುತ್ತಿದ್ದ. ಮೊಬೈಲಿನಲ್ಲಿ ಹೊಸಪೇಟೆಯ ಲಾಗು ತೆರೆದೆ. ಆ ಟೈರು ಅಕ್ಕನ ವಿಳಾಸದಲ್ಲೇ ಬಂದು ಕೂತಿತು.

ಆಗ ನೆನಪಾಯಿತು. ಪ್ರಾಕ್ಸಿಗೆ ಬೇರೆ ಯಂತ್ರ ಸಿಗದೆ ಅದನ್ನು ಅಕ್ಕನ ಕಂಪ್ಯೂಟರಿಗೇ ಹಾಕಿ, ಹಾಕಿದ್ದನ್ನೇ ಮರೆತವನು ನಾನು. ಸಂಡೂರಿನವರೆಲ್ಲ ಅದರ ಮೂಲಕವೇ ಕೇಳುವುದರಿಂದ ಹೊಸಪೇಟೆಗೆ ಕಾಣುವುದು ಆ ಒಂದು ವಿಳಾಸ ಮಾತ್ರ. ನಿಜವಾಗಿ ಕೇಳಿದವರು ಯಾರೆಂಬುದು ಸಂಡೂರಿನ ಲಾಗಿನಲ್ಲಿತ್ತು. ಅದನ್ನು ನಾನು ತೆರೆದೇ ಇರಲಿಲ್ಲ.

ಹೊಸಪೇಟೆಗೆ ವಾಪಸ್ ಓಡಿ ಎಲ್ಲ ಒಪ್ಪಿಕೊಂಡೆ. ಸಾಹೇಬರು ಪೆನ್ನಿನ ಕ್ಯಾಪು ತೆಗೆದರು.

“ಸಹಿ ನಾ ಹಾಕ್ತೀನಲೇ. ಯಾಕ ತಡ ಆತು ಅಂತ ಆಕೀಗೆ ನೀನ ಹೋಗಿ ಹೇಳು.”

ಅಕ್ಕ ರಜೆ ಮುಗಿಸಿ ಬಂದ ದಿನ ಆರ್ಡರು ಹಿಡಿದುಕೊಂಡು ಸಂಡೂರಿಗೆ ಹೋದೆ. ಪ್ರಾಕ್ಸಿ, ಲಾಗು ಎಂದೆಲ್ಲ ತೊದಲಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡು, ಆರ್ಡರನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಹೇಳಿದರು:

“ಇಡೀ ಆಫೀಸಿನ ಕೆಲ್ಸ ನಾ ಒಬ್ಬಾಕಿನ ಮಾಡ್ತೀನಿ ಅಂತ ಇಷ್ಟು ವರ್ಷ ಹೇಳಿದ್ರ ಯಾರೂ ನಂಬಲಿಲ್ಲ. ಇಡೀ ಆಫೀಸಿನ ಮೈಗಳ್ಳತನ ಒಬ್ಬಾಕಿನ ಮಾಡ್ಯಾಳ ಅಂದ್ರ ಮಾತ್ರ ಹೆಂಗ ನಂಬಿದ್ಯೋ ತಮ್ಮಾ?”