ಜುಮಾದಿಲ್ ಮೇಷ್ಟ್ರ ಸೌಂಡ್ ಕಾರ್ಡ್

ಕರಕೋಲ್ ಪೇಟೆಯ ನನ್ನ ಕಂಪ್ಯೂಟರ್ ಅಂಗಡಿಗೆ ಜುಮಾದಿಲ್ ಮೇಷ್ಟ್ರು ನಾಲ್ಕು ವರ್ಷ, ಪ್ರತಿ ಶನಿವಾರ, ಸೌಂಡ್ ಕಾರ್ಡ್ ಕೊಳ್ಳಲು ಬಂದು ಕೊಳ್ಳದೆ ಹೋಗುತ್ತಿದ್ದರು. ಮೂರು ತಂತಿಯ ಕೋಮುಜ್ ನುಡಿಸುತ್ತ ಹಾಡುವ ತಮ್ಮ ಅಕ್ಕ ಸಾಲ್ಕಿನ್ ಅವರ ಹಾಡುಗಳನ್ನು ಮನೆಯಲ್ಲೇ ಧ್ವನಿಮುದ್ರಿಸಬೇಕೆಂಬುದು ಅವರ ಆಸೆ. ಬಂದವರೇ ಕಲ್ಪಾಕ್ ಟೋಪಿ ತೆಗೆದಿಟ್ಟು, ಕಾರ್ಡನ್ನು ಕೋಳಿಮೊಟ್ಟೆಯಂತೆ ಅಂಗೈಯಲ್ಲಿ ಹಿಡಿದು, "ಇದು ಗುಂಯ್ ಅನ್ನಲ್ಲ ತಾನೇ? ಮೈಕಿಗೆ ಎರಡು ಕಿಂಡಿ ಇದೆಯಾ?" ಎಂದು ಕೇಳುವರು; ನಾನು ಹೇಳಿದ್ದನ್ನೆಲ್ಲ ಶಾಲೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುವರು; ಮೂರು ಬಟ್ಟಲು ಚಹಾ ಕುಡಿದು, "ಮುಂದಿನ ತಿಂಗಳು ಇದಕ್ಕಿಂತ ಒಳ್ಳೇದು ಬರುತ್ತಂತೆ, ಕಾಯೋಣ" ಎಂದು ಎದ್ದುಬಿಡುವರು. ಒಮ್ಮೆ ಅಕ್ಕನೇ ಜೊತೆಗೆ ಬಂದು, "ಲೋ, ನನ್ನ ಗಂಟಲೂ ಮುಂದಿನ ತಿಂಗಳು ಹೊಸದು ಬರುತ್ತೇನೋ? ಯಾವುದೋ ಒಂದು ತಗೊಳ್ಳೋ!" ಎಂದು ಬೈದರು. ಮೂವರೂ ನಕ್ಕೆವು. ಮೇಷ್ಟ್ರು ಅಂದೂ ಕೊಳ್ಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಕಳೆದ ಚಳಿಗಾಲ ಗಂಟಲಿನ ಗಡ್ಡೆಗೆ ಶಸ್ತ್ರಚಿಕಿತ್ಸೆಯಾಗಿ ಸಾಲ್ಕಿನ್ ಅವರ ದನಿ ಹೋಯಿತು. ಆಮೇಲೆ ಬಂದ ಮೇಷ್ಟ್ರು ಏನೂ ಕೇಳದೆ, ಕೈಗೆ ಸಿಕ್ಕ ಕಾರ್ಡ್ ಕೊಂಡರು. ಜೋಡಿಸಿಕೊಡಲು ನಾನೇ ಅವರ ಮನೆಗೆ ಹೋದೆ. ಅಕ್ಕ ಕೋಮುಜ್ ನುಡಿಸಿದರು; ಹಾಡು ಶುರುವಾಗಬೇಕಾದಲ್ಲಿ ತಮ್ಮನತ್ತ ನೋಡಿದರು. ಜನ್ಮದಲ್ಲೇ ಹಾಡದ ಮೇಷ್ಟ್ರು ಒಡಕು ದನಿಯಲ್ಲಿ ಶುರುಮಾಡಿ, ಎರಡನೇ ಸಾಲಿಗೇ ಪದ ಮರೆತು ತಲೆ ತಗ್ಗಿಸಿದರು. ಅಕ್ಕ ನುಡಿಸುವುದನ್ನು ನಿಲ್ಲಿಸಿ, ಅವರ ಗಲ್ಲ ಹಿಡಿದೆತ್ತಿ, ಬರಿಯ ತುಟಿಯಲ್ಲಿ ಆ ಪದ ಆಡಿ ತೋರಿಸಿ, ಮತ್ತೆ ಮೊದಲಿನಿಂದ ನುಡಿಸಿದರು.